ಯಾರೂ ಮುಟ್ಲಿಲ್ಲ, ಮೊಣಕಾಲು ಹೋಯ್ತು

ಓದುಗರ ಪ್ರಶ್ನೆ, ಫಿಜಿಯೋ ಉತ್ತರ

ಹೋದ ಸಲ ಸೊಂಟನೋವಿನ ಬಗ್ಗೆ ಬರ್ದಿದ್ದೆ, ಈ ಸಲ ಬಂದಿರೋ ಪತ್ರ, ಮೆಸೇಜು ಎಲ್ಲಾ ಮೊಣಕಾಲಿಂದೇ. ಕಾರಣ ಗೊತ್ತೇ ಐತಲ್ಲ, ಹೋಬಳಿ ಮಟ್ಟ, ತಾಲ್ಲೂಕು ಮಟ್ಟ ಅಂತ ಶಾಲೆ ಆಟೋಟ ಶುರುವಾಗಿದಾವೆ, ಅದರ ಬೆನ್ನಿಗೇ ಗಣಪತಿ ಹಬ್ಬ, ಊರೂರಲ್ಲೂ ಹೊನಲು ಬೆಳಕಿನ ಕಬಡ್ಡಿ. ದಾವಣಗೆರೆಯಲ್ಲಿ ನನ್ನ ಕ್ಲಿನಿಕ್ ಮೆಟ್ಲು ಕುಂಟ್ಕೊಂಡು ಹತ್ತೋರು ಈ ಎರಡು ಮೂರು ತಿಂಗಳಲ್ಲೇ ಜಾಸ್ತಿ. ಮೊಳಕಾಲ್ಮೂರಿನ ಓದುಗರೊಬ್ರು "ಸರ್, ನಮ್ಮೂರ ಹೆಸರಲ್ಲೇ ಮೊಳಕಾಲು ಐತೆ, ಮೊದ್ಲು ನಮಗೆ ಉತ್ರ ಕೊಡ್ಬೇಕು" ಅಂತ ಬರ್ದಿದಾರೆ. ಕೊಡ್ತೀನಿ, ಸ್ವಲ್ಪ ಕೆಳಗೈತೆ, ಓದ್ತಾ ಬನ್ನಿ.

ಪ್ರಶ್ನೆ: ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಹೈಸ್ಕೂಲಲ್ಲಿ ಪಿಟಿ ಮೇಷ್ಟ್ರು. ನಮ್ಮ ಹುಡುಗೀರ ಖೋ ಖೋ ಟೀಮ್ ಚೆನ್ನಾಗೈತೆ, ಆದ್ರೆ ಎರಡು ವರ್ಷದಲ್ಲಿ ಇಬ್ರು ಮೊಣಕಾಲು ಮಾಡ್ಕೊಂಡು ಆಟ ಬಿಟ್ರು. ಯಾರೂ ಡಿಕ್ಕಿ ಹೊಡ್ದಿಲ್ಲ, ಓಡ್ತಾ ಓಡ್ತಾ ಗಕ್ಕನೆ ತಿರುಗ್ದಾಗ ಬಿದ್ರು ಅಷ್ಟೇ. ಊರಲ್ಲಿ ದೃಷ್ಟಿ ಆಗೈತೆ ಅಂತಾರೆ, ಪೋಷಕರು ಹೆಣ್ಮಕ್ಕಳಿಗೆ ಇದೆಲ್ಲಾ ಯಾಕೆ ಅಂತಾರೆ. ನಮ್ಮಲ್ಲಿ ಜಿಮ್ಮಿಲ್ಲ, ಮ್ಯಾಟಿಲ್ಲ, ದುಡ್ಡಂತೂ ಇಲ್ವೇ ಇಲ್ಲ. ಏನಾದ್ರೂ ಮಾಡೋಕಾಗುತ್ತಾ?

ಮೇಷ್ಟ್ರೇ, "ಯಾರೂ ಡಿಕ್ಕಿ ಹೊಡ್ದಿಲ್ಲ" ಅಂತ ನೀವು ಬರ್ದಿರೋ ಒಂದು ಸಾಲಲ್ಲೇ ಇಡೀ ವಿಷಯ ಐತೆ. ಮೊಣಕಾಲಿನ ಒಳಗೆ ತೊಡೆ ಮೂಳೆಯನ್ನೂ ಕೆಳಗಿನ ಕಾಲ್ಮೂಳೆಯನ್ನೂ ಓರೆಯಾಗಿ ಹಿಡ್ಕೊಂಡಿರೋ ಒಂದು ಗಟ್ಟಿ ಪಟ್ಟಿ ಇರುತ್ತೆ, ಅದಕ್ಕೆ ಎಸಿಎಲ್ ಅಂತೀವಿ, ಕೆಳಗಿನ ಮೂಳೆ ಮುಂದಕ್ಕೆ ಜಾರದ ಹಾಗೆ, ತಿರುಚದ ಹಾಗೆ ನೋಡ್ಕೊಳ್ಳೋದು ಅದರ ಕೆಲಸ. ಈ ಪಟ್ಟಿ ಹರಿಯೋದು ಎದುರಾಳಿ ಬಂದು ಗುದ್ದಿದ್ದಕ್ಕೆ ಅಂತ ಎಲ್ರೂ ಅನ್ಕೊಂಡಿದಾರೆ, ನಿಜ ಏನಂದ್ರೆ ಹೆಚ್ಚಿನವು ಯಾರೂ ಮುಟ್ಟದೇನೇ ಆಗೋವು. ಓಡ್ತಾ ಇದ್ದೋರು ಗಕ್ಕನೆ ನಿಲ್ತಾರೆ, ಒಂದೇ ಕಾಲು ಊರಿ ದಿಕ್ಕು ಬದಲಿಸ್ತಾರೆ, ಇಲ್ಲಾ ಜಿಗಿದು ಒಂದೇ ಕಾಲ ಮೇಲೆ ಇಳೀತಾರೆ, ಆಗ ಮೊಣಕಾಲು ನೆಟ್ಟಗೆ ಇದ್ದು ಒಳಗಡೆಗೆ ವಾಲಿದ್ರೆ ಮುಗೀತು. ನಿಮ್ಮ ಖೋ ಖೋ ನೋಡಿ, ರನ್ನರ್ ಸಿಂಗಲ್ ಚೈನ್ ಆಡೋವಾಗ ಕೂತಿರೋ ಎಂಟು ಜನರ ಮಧ್ಯೆ ಹಾವಿನ ಹಾಗೆ ಹೊರಳ್ತಾ ಹೋಗ್ತಾಳೆ, ಒಂದೊಂದು ಹೊರಳೂ ಮೊಣಕಾಲಿಗೆ ಒಂದೊಂದು ಪರೀಕ್ಷೆ.

ಹ್ಯಾಂಡ್‌ಬಾಲ್, ಬಾಸ್ಕೆಟ್‌ಬಾಲ್ ಮ್ಯಾಚಿನ ವಿಡಿಯೊಗಳನ್ನ ಒಂದೊಂದೇ ಫ್ರೇಮ್ ಬಿಡಿಸಿ ನೋಡಿದವರು ಹೇಳೋದೇನಂದ್ರೆ, ಕಾಲು ನೆಲಕ್ಕೆ ತಾಗಿದ ಮೇಲೆ ಸುಮಾರು 40 ಮಿಲಿಸೆಕೆಂಡ್‌ನಲ್ಲಿ ಇದೆಲ್ಲಾ ಆಗಿ ಹೋಗಿರುತ್ತೆ. ಕಣ್ಣು ಮಿಟುಕಿಸೋಕೂ ಅದಕ್ಕಿಂತ ಜಾಸ್ತಿ ಟೈಮ್ ಬೇಕು. ಅಂದ್ಮೇಲೆ ಆಡೋವಾಗ "ಹುಷಾರಾಗಿ ಇಳಿಯಮ್ಮಾ" ಅಂತ ಗೆರೆ ಆಚೆಯಿಂದ ಕೂಗಿ ಏನೂ ಪ್ರಯೋಜನ ಇಲ್ಲ, ಅವಳು ಯೋಚ್ನೆ ಮಾಡೋಷ್ಟರಲ್ಲಿ ಪಟ್ಟಿ ಹರಿದಿರುತ್ತೆ. ಸರಿಯಾಗಿ ಇಳಿಯೋದು ಮೈಗೇ ರೂಢಿ ಆಗ್ಬೇಕು, ಸೈಕಲ್ ಹೊಡೆಯೋದು ರೂಢಿ ಆದ ಹಾಗೆ.

ಹುಡುಗೀರಿಗೆ ಯಾಕೆ ಜಾಸ್ತಿ ಅನ್ನೋದು ಬೇರೆ ಪ್ರಶ್ನೆ. ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಥರದ ಆಟದಲ್ಲಿ ಒಂದೇ ಆಟ ಆಡೋ ಹುಡುಗರಿಗೆ ಹೋಲಿಸಿದ್ರೆ ಹುಡುಗೀರಿಗೆ ಎಸಿಎಲ್ ಹರಿಯೋದು ಎರಡು ಮೂರು ಪಟ್ಟು ಜಾಸ್ತಿ. ಸೊಂಟದ ಅಗಲ, ಹಾರ್ಮೋನು ಅಂತ ಹಲವು ಕಾರಣ ಹೇಳ್ತಾರೆ, ಅವನ್ನ ನೀವೂ ನಾನೂ ಬದಲಾಯಿಸೋಕಾಗಲ್ಲ. ಆದ್ರೆ ಹುಡುಗೀರಿಗೆ ನಾವು ಬಸ್ಕಿ ಹೊಡೆಸಲ್ಲ, ಭಾರ ಎತ್ತಿಸಲ್ಲ, ಜಿಗಿದು ಇಳಿಯೋದು ಹೆಂಗೆ ಅಂತ ಕಲಿಸಲ್ಲ, ಎರಡು ರೌಂಡ್ ಓಡ್ಸಿ ಸೀದಾ ಆಟಕ್ಕೆ ಬಿಡ್ತೀವಿ, ಅದನ್ನಂತೂ ಬದಲಾಯಿಸ್ಬಹುದು. ದೃಷ್ಟಿ ತೆಗೆಯೋರು ತೆಗೀಲಿ ಬಿಡಿ, ಅದರ ಜೊತೆಗೆ ಇದನ್ನೂ ಮಾಡ್ಸಿ.

ಮೊದಲು ಒಂದು ಪರೀಕ್ಷೆ. ಸ್ಕೂಲ್ ಜಗಲಿ ಇರುತ್ತಲ್ಲ, ಒಂದಡಿ ಎತ್ತರದ್ದು ಸಾಕು, ಒಬ್ಬೊಬ್ಬಳನ್ನೇ ಅಲ್ಲಿಂದ ಎರಡೂ ಕಾಲಲ್ಲಿ ಕೆಳಗೆ ಜಿಗಿಸಿ, ಇಳಿದ ತಕ್ಷಣ ಮೇಲಕ್ಕೆ ಇನ್ನೊಂದು ಜಿಗಿತ. ನೀವು ಎದುರಿಗೆ ಕುಕ್ಕರಗಾಲಲ್ಲಿ ಕೂತು ಮೊಬೈಲಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೀರಿ. ಕೆಲವ್ರ ಮೊಣಕಾಲು ಎರಡೂ ಇಳಿಯೋವಾಗ ಒಂದಕ್ಕೊಂದು ಮುಟ್ಟೋಕೆ ಹೋಗ್ತವೆ, ಪಾದ ದೂರ ಇದ್ರೂ ಮಂಡಿ ಹತ್ರ. ಆ ಹುಡುಗೀರ ಹೆಸರು ಬರ್ಕೊಳ್ಳಿ. ಇನ್ನು ಕಿವೀನೂ ಕೊಡಿ, "ಧಪ್" ಅಂತ ಸದ್ದು ಬಂದ್ರೆ ಕಾಲು ನೆಟ್ಟಗಿಟ್ಟು ಇಳೀತಿದಾಳೆ ಅಂತ ಅರ್ಥ. ನಾನು ಮಕ್ಕಳಿಗೆ ಹೇಳೋದು ಇಷ್ಟೇ, ಬೆಕ್ಕು ಕಾಂಪೌಂಡಿಂದ ಇಳಿದ ಹಾಗೆ ಇಳೀಬೇಕು, ಸದ್ದೇ ಬರ್ಬಾರ್ದು. ಅಷ್ಟು ಹೇಳಿದ್ರೆ ಸಾಕು, ಮಂಡಿ ತಾನಾಗೇ ಬಗ್ಗುತ್ತೆ, ಸೊಂಟ ಹಿಂದಕ್ಕೆ ಹೋಗುತ್ತೆ. ಮಂಡಿ ಪಾದದ ನೇರಕ್ಕೇ ಇರ್ಬೇಕು ಅನ್ನೋದನ್ನ ಆ ವಿಡಿಯೊನ ಅವಳಿಗೇ ತೋರಿಸಿ ಹೇಳಿ, ನೀವು ಹತ್ತು ಸಲ ಬೈಯೋದಕ್ಕಿಂತ ಅದೇ ವಾಸಿ.

ಆಮೇಲೆ ವಾರ್ಮಪ್. 2006ರಲ್ಲಿ ಫಿಫಾದವರು ನಾರ್ವೆಯ ಓಸ್ಲೋ, ಅಮೆರಿಕದ ಸಾಂಟಾ ಮೋನಿಕಾದ ಕ್ರೀಡಾ ವೈದ್ಯರ ಜೊತೆ ಸೇರಿ "11 ಪ್ಲಸ್" ಅಂತ ಒಂದು ವಾರ್ಮಪ್ ಮಾಡಿದ್ರು, 15 ವ್ಯಾಯಾಮ, 20 ನಿಮಿಷ, ಒಂದು ಚೆಂಡು ಬಿಟ್ರೆ ಏನೂ ಸಾಮಾನು ಬೇಡ. ಮೊದಲ ಎಂಟು ನಿಮಿಷ ನಿಧಾನ ಓಟ, ಅದರಲ್ಲೇ ಸೊಂಟ ತಿರುಗಿಸೋದು, ಜೋಡಿ ಜೋಡಿಯಾಗಿ ಭುಜಕ್ಕೆ ಭುಜ ತಾಗಿಸಿ ಜಿಗಿಯೋದು. ನಡುವಿನ ಹತ್ತು ನಿಮಿಷವೇ ಜೀವಾಳ: ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳು ಊರಿ ಮೈ ಹಲಗೆ ಹಂಗೆ ನೆಟ್ಟಗೆ ಹಿಡಿಯೋದು), ಒಂದೇ ಕಾಲಲ್ಲಿ ನಿಂತು 30 ಸೆಕೆಂಡ್ ಬ್ಯಾಲೆನ್ಸು, ಬಸ್ಕಿ, ಜಿಗಿತ. ಕೊನೇ ಎರಡು ನಿಮಿಷ ಜೋರು ಓಟ, ದಾಪುಗಾಲು, ಕಾಲೂರಿ ತಿರುಗೋದು. ಇದರಲ್ಲಿ ಒಂದು ವ್ಯಾಯಾಮ ನನಗೆ ಬಹಳ ಇಷ್ಟ, ಒಬ್ಬಳು ಮಂಡಿಯೂರಿ ಕೂರ್ತಾಳೆ, ಹಿಂದಿನವಳು ಅವಳ ಹಿಮ್ಮಡಿ ಒತ್ತಿ ಹಿಡೀತಾಳೆ, ಮುಂದಿನವಳು ಮೈ ನೆಟ್ಟಗೆ ಇಟ್ಕೊಂಡೇ ನಿಧಾನಕ್ಕೆ, ಆದಷ್ಟು ನಿಧಾನಕ್ಕೆ ಮುಂದೆ ವಾಲಬೇಕು, ಇನ್ನು ತಡೆಯೋಕಾಗಲ್ಲ ಅಂದಾಗ ಅಂಗೈ ಊರಬೇಕು. ತೊಡೆ ಹಿಂದಿನ ಸ್ನಾಯುಗೆ ಇದರಷ್ಟು ಕೆಲಸ ಕೊಡೋದು ಇನ್ನೊಂದಿಲ್ಲ, ಕೆಳಗಿನ ಮೂಳೆ ಮುಂದಕ್ಕೆ ಜಾರದ ಹಾಗೆ ಎಸಿಎಲ್‌ಗೆ ಆಸರೆ ಆಗಿರೋದು ಅದೇ ಸ್ನಾಯು. ಶುರುನಲ್ಲಿ ಮೂರರಿಂದ ಐದು ಸಲ ಸಾಕು, ಮೊದಲ ದಿನವೇ ಹದಿನೈದು ಮಾಡಿಸಿದ್ರೆ ಮಾರನೇ ದಿನ ಯಾರೂ ಮೈದಾನಕ್ಕೆ ಬರಲ್ಲ.

ಖೋ ಖೋಗೆ ಚೆಂಡು ಬೇಡ, ಆದ್ರೂ ನಡುವಿನ ಭಾಗ ಹಂಗೇ ಮಾಡ್ಸಿ, ಕೊನೇ ಓಟದ ಬದಲು ಕಂಬದ ಸುತ್ತ ತಿರುಗೋದು, ಚೈನ್ ಹೊರಳೋದು ಅರ್ಧ ವೇಗದಲ್ಲಿ ಸೇರಿಸ್ಕೊಳ್ಳಿ. ಮ್ಯಾಚ್ ದಿನ ನಡುವಿನ ಭಾಗ ಬಿಟ್ಟು ಓಟದ ಭಾಗ ಮಾತ್ರ ಸಾಕು, ಇಲ್ಲಾಂದ್ರೆ ಸುಸ್ತಾಗ್ತಾರೆ.

ಇದು ನಾನು ಸುಮ್ನೆ ಹೇಳ್ತಿರೋದಲ್ಲ. 2005ರಲ್ಲಿ ನಾರ್ವೆಯಲ್ಲಿ 15ರಿಂದ 17 ವಯಸ್ಸಿನ 1800ಕ್ಕೂ ಹೆಚ್ಚು ಹ್ಯಾಂಡ್‌ಬಾಲ್ ಆಟಗಾರರ ಮೇಲೆ ಇಂಥದ್ದೇ ವಾರ್ಮಪ್ ನೋಡಿದಾಗ ಮೊಣಕಾಲು, ಪಾದದ ಗಿಣ್ಣಿನ ಪೆಟ್ಟು ಹೆಚ್ಚೂಕಡಿಮೆ ಅರ್ಧಕ್ಕೆ ಇಳಿದಿತ್ತು. 2012ರಲ್ಲಿ ಸ್ವೀಡನ್‌ನಲ್ಲಿ 12ರಿಂದ 17ರ 4500ಕ್ಕೂ ಹೆಚ್ಚು ಫುಟ್‌ಬಾಲ್ ಹುಡುಗೀರು, ವಾರಕ್ಕೆ ಎರಡು ಸಲ 15 ನಿಮಿಷದ ಮೊಣಕಾಲಿನ ವಾರ್ಮಪ್ ಮಾಡಿದ ಗುಂಪಲ್ಲಿ ಎಸಿಎಲ್ ಹರಿಯೋದು 64 ಪರ್ಸೆಂಟ್ ಕಮ್ಮಿ. ಅಲ್ಲಿನೂ ಮಾಡ್ಸಿದ್ದು ಮಾಮೂಲಿ ಕೋಚ್‌ಗಳೇ, ಡಾಕ್ಟ್ರಲ್ಲ. ಒಂದೇ ಷರತ್ತು, ಬಿಡದೆ ಮಾಡ್ಬೇಕು. ಕ್ರೀಡಾಕೂಟಕ್ಕೆ ಹತ್ತು ದಿನ ಮುಂಚೆ ಶುರು ಮಾಡಿದ್ರೆ ಮೈಗೆ ಹತ್ತಲ್ಲ, ಜೂನ್‌ನಲ್ಲಿ ಸ್ಕೂಲ್ ಬಾಗಿಲು ತೆಗೆದಾಗ್ಲೇ ಶುರುವಾಗ್ಬೇಕು. ಪೋಷಕರಿಗೆ ಬೇಕಾದ್ರೆ ಈ ಪುಟಾನೇ ತೋರಿಸಿ.

ಪ್ರಶ್ನೆ: ಅಣ್ಣಾ, ಜಗಳೂರು ಕಡೆಯೋನು, 22 ವರ್ಷ, ಕಬಡ್ಡಿ ರೇಡರ್. ಹೋದ ತಿಂಗಳು ರೇಡ್‌ನಲ್ಲಿ ಬೋನಸ್ ಮುಟ್ಟಿ ವಾಪಸ್ ತಿರುಗ್ದಾಗ ಮೊಣಕಾಲಲ್ಲಿ "ಟಪ್" ಅಂತು, ಒಂದು ತಾಸಲ್ಲಿ ಕುಂಬಳಕಾಯಿ ಹಂಗೆ ಊದ್ಕೊಂತು. ಎಕ್ಸ್‌ರೇ ನಾರ್ಮಲ್. ಊರಲ್ಲಿ ಎಣ್ಣೆ ಹಾಕಿ ನೀವಿಸ್ದೆ, ಈಗ ಊತ ಇಲ್ಲ, ನಡೀತೀನಿ, ಆದ್ರೆ ಮೆಟ್ಲು ಇಳಿಯೋವಾಗ ಒಂದೊಂದ್ಸಲ ಕಾಲು ಕಳಚಿದಂಗಾಗುತ್ತೆ. ಇನ್ನು ಮೂರು ವಾರಕ್ಕೆ ಟೂರ್ನಮೆಂಟ್ ಐತೆ, ನೀಕ್ಯಾಪ್ ಹಾಕಿ ಆಡ್ಬಹುದಾ?

ಬೇಡ ತಮ್ಮಾ. ಇಷ್ಟೇ ಉತ್ತರ, ಮುಂದೆ ಬರೆಯೋದೆಲ್ಲಾ ಯಾಕೆ ಅಂತ.

ಟಪ್ ಅನ್ನೋದು, ಒಂದೆರಡು ತಾಸಲ್ಲೇ ಊದೋದು, ಆಮೇಲೆ ಕಾಲು ಕಳಚೋದು, ಈ ಮೂರೂ ಒಟ್ಟಿಗೆ ಬಂದ್ರೆ ಬೇರೆ ಅಂತ ಗೊತ್ತಾಗೋವರೆಗೂ ಎಸಿಎಲ್ ಹರಿದೈತೆ ಅಂತಾನೇ ತಿಳ್ಕೋಬೇಕು. ಅಷ್ಟು ಬೇಗ ಊದ್ತು ಅಂದ್ರೆ ಕೀಲಿನ ಒಳಗೆ ರಕ್ತ ತುಂಬೈತೆ ಅಂತ. ಎಕ್ಸ್‌ರೇ ನಾರ್ಮಲ್ ಅಂದ್ರೆ ಮೂಳೆ ಮುರಿದಿಲ್ಲ ಅಂತ ಮಾತ್ರ ಅರ್ಥ, ಪಟ್ಟಿ ಎಕ್ಸ್‌ರೇಲಿ ಕಾಣಲ್ಲ. ಈ ಒಂದು ಮಾತು ಗೊತ್ತಿಲ್ದೆ ಎಷ್ಟು ಹುಡುಗ್ರು ವಾಪಸ್ ಅಂಕಣಕ್ಕೆ ಇಳಿದು ಕಾಲು ಹಾಳು ಮಾಡ್ಕೊಂಡಿದಾರೆ ಅಂದ್ರೆ, ನಾನೂ ಅವ್ರಲ್ಲಿ ಒಬ್ಬ. 19 ವರ್ಷ ನನಗೆ ಆಗ, ಹರಿಹರದ ಹತ್ರ ಒಂದು ಹಳ್ಳಿ ಟೂರ್ನಮೆಂಟು, ನಿನ್ನ ಹಂಗೇ ತಿರುಗ್ದಾಗ ಹೋಯ್ತು, ಯಾರೂ ಮುಟ್ಟಿರ್ಲಿಲ್ಲ, ಅಂಪೈರ್ ನಾನು ನಾಟಕ ಮಾಡ್ತಿದೀನಿ ಅಂತ ಸೀಟಿ ಊದಿದ್ರು. ಎರಡು ತಿಂಗಳು ಬಿಟ್ಟು ಕ್ರೇಪ್ ಬ್ಯಾಂಡೇಜ್ ಸುತ್ಕೊಂಡು ಮತ್ತೆ ಆಡ್ದೆ, ಮೊದಲ ರೇಡ್‌ನಲ್ಲೇ ಕಾಲು ಕಳಚಿ ಮಿನಿಸ್ಕಸ್ಸೂ ಹೋಯ್ತು. ಮಿನಿಸ್ಕಸ್ ಅಂದ್ರೆ ಎರಡು ಮೂಳೆ ಮಧ್ಯದ ಗಾದಿ, ಅದು ಹೋದ್ರೆ ಮುಂದೆ ಮೂಳೆ ಸವೆತ ಬೇಗ ಬರುತ್ತೆ. ಇವತ್ತಿಗೂ ನಾನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರೋಕಾಗಲ್ಲ, ಮದುವೆ ಮನೇಲಿ ಪಂಕ್ತೀಲಿ ಜಾಗ ಹುಡುಕೋ ಬದಲು ಕುರ್ಚಿ ಹುಡುಕ್ತೀನಿ.

ನೀಕ್ಯಾಪ್ ವಿಷಯ. ಮೆಡಿಕಲ್ ಶಾಪಿನ ಬಟ್ಟೆ ನೀಕ್ಯಾಪ್ ಬೆಚ್ಚಗಿಡುತ್ತೆ, ಧೈರ್ಯ ಕೊಡುತ್ತೆ, ಅಷ್ಟೇ. ಆ ಧೈರ್ಯಾನೇ ಅಪಾಯ. ಹರಿದ ಪಟ್ಟಿಯ ಕೆಲಸ ಅದು ಮಾಡಲ್ಲ, ಮೂರು ಜನ ಥೈ ಹೋಲ್ಡ್ ಹಾಕಿ ತಿರುಚಿದಾಗಂತೂ ದೇವ್ರೇ ಗತಿ. ನೀವಿಸ್ಕೊಂಡಿದ್ದು ಆಗೋಯ್ತು ಬಿಡು, ಮುಂದೆ ನಿನ್ನ ಟೀಮಿನವರಿಗೆ ಹೇಳು, ಹೊಸ ಪೆಟ್ಟಿಗೆ ಮೊದಲ ಎರಡು ಮೂರು ದಿನ ನೀವೋದೂ ಬೇಡ, ಬಿಸಿ ಶಾಖಾನೂ ಬೇಡ, ಆಟ ನಿಲ್ಸಿ, ಬಟ್ಟೇಲಿ ಸುತ್ತಿದ ಐಸ್ 15-20 ನಿಮಿಷ, ಕ್ರೇಪ್ ಬ್ಯಾಂಡೇಜು, ಕಾಲು ದಿಂಬಿನ ಮೇಲೆ ಎತ್ತರಕ್ಕೆ.

ಈಗ ಮಾಡ್ಬೇಕಾದ್ದು, ಮೂಳೆ ಡಾಕ್ಟ್ರ ಹತ್ರ ಹೋಗಿ ಕೈಯಲ್ಲಿ ಎಳೆದು ನೋಡೋ ಪರೀಕ್ಷೆ ಮಾಡ್ಸು, ಅವ್ರು ಹೇಳಿದ್ರೆ ಎಂಆರ್‌ಐ. ಪೂರ್ತಿ ಹರಿದಿದ್ರೂ ಎಲ್ರಿಗೂ ಆಪರೇಷನ್ ಬೇಕು ಅಂತಿಲ್ಲ, ಹೊಲದ ಕೆಲಸ, ಬೈಕು, ನಡಿಗೆ ಇಷ್ಟಕ್ಕೇ ಆದ್ರೆ ವ್ಯಾಯಾಮದಲ್ಲೇ ನಿಭಾಯಿಸೋರು ಇದಾರೆ, ಕಬಡ್ಡಿಗೇ ವಾಪಸ್ ಬರ್ಬೇಕು ಅಂದ್ರೆ ಮಾತ್ರ ಸಾಮಾನ್ಯವಾಗಿ ಆಪರೇಷನ್ ಕಡೆಗೇ ಹೋಗುತ್ತೆ. ಬ್ರೆಜಿಲ್ ಫುಟ್‌ಬಾಲ್ ಆಟಗಾರ ನೇಮಾರ್‌ಗೆ 2023ರ ಅಕ್ಟೋಬರ್‌ನಲ್ಲಿ ಎಡ ಮೊಣಕಾಲಿನ ಎಸಿಎಲ್ ಹರೀತು, ಮತ್ತೆ ಮೈದಾನಕ್ಕೆ ಇಳಿದಿದ್ದು 2024ರ ಅಕ್ಟೋಬರ್‌ನಲ್ಲಿ. ಅಷ್ಟು ದುಡ್ಡು, ಅಷ್ಟು ಡಾಕ್ಟ್ರು ಇರೋನಿಗೇ ಒಂದು ವರ್ಷ ಬೇಕಾಯ್ತು, ನೀನು ಮೂರು ವಾರ ಅಂತೀಯಲ್ಲೋ ಮಾರಾಯ.

ಪ್ರಶ್ನೆ: ಮೊಳಕಾಲ್ಮೂರಿನಿಂದ. ನನ್ನ ತಮ್ಮಂಗೆ ಎಸಿಎಲ್ ಆಪರೇಷನ್ ಆಗಿ ಐದು ತಿಂಗಳು. ನೋವಿಲ್ಲ, ಜಾಗಿಂಗ್ ಮಾಡ್ತಾನೆ, ಡಾಕ್ಟ್ರು ಇನ್ನೂ ವಾಲಿಬಾಲ್ ಬೇಡ ಅಂತಾರೆ. ಸುಮ್ನೆ ಹೆದರಿಸ್ತಿದಾರಾ?

ಹೆದರಿಸ್ತಿಲ್ಲ. 2016ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಆಪರೇಷನ್ ಆದ್ಮೇಲೆ ಒಂಬತ್ತು ತಿಂಗಳವರೆಗೆ ಆಟಕ್ಕೆ ವಾಪಸಾಗೋದನ್ನ ಒಂದೊಂದು ತಿಂಗಳು ಮುಂದೆ ಹಾಕಿದಷ್ಟೂ ಮತ್ತೆ ಮೊಣಕಾಲು ಪೆಟ್ಟಾಗೋದು ಹೆಚ್ಚೂಕಡಿಮೆ ಅರ್ಧರ್ಧ ಕಮ್ಮಿ ಆಗಿತ್ತು. ಒಳಗೆ ಕೂರಿಸಿರೋದು ಅವನದೇ ತೊಡೆಯಿಂದಾನೋ ಮಂಡಿ ಚಿಪ್ಪಿನ ಕೆಳಗಿಂದಾನೋ ತೆಗೆದ ಪಟ್ಟಿ, ಅದು ಹೊಸ ಜಾಗದಲ್ಲಿ ಬೇರು ಬಿಟ್ಟು ಗಟ್ಟಿ ಆಗೋಕೆ ತಿಂಗಳುಗಟ್ಲೆ ಬೇಕು, ನೋವು ಹೋದ ತಕ್ಷಣ ಅದು ರೆಡಿ ಅಂತಲ್ಲ. ಕ್ಯಾಲೆಂಡರ್ ಒಂದೇ ನೋಡ್ಬೇಡಿ, ಪೆಟ್ಟಾದ ಕಾಲಿನ ತೊಡೆ ಬಲ ಒಳ್ಳೇ ಕಾಲಿನ 90 ಪರ್ಸೆಂಟಾದ್ರೂ ಬಂದಿರ್ಬೇಕು, ಒಂದೇ ಕಾಲಲ್ಲಿ ಕುಪ್ಪಳಿಸಿದ ದೂರಾನೂ ಅಷ್ಟೇ ಇರ್ಬೇಕು. ಟೇಪು ಹಿಡ್ಕೊಂಡು ಅಂಗಳದಲ್ಲೇ ಅಳೀಬಹುದು, ಆದ್ರೆ ಫಿಜಿಯೋ ಎದುರಿಗೆ ಅಳೀರಿ. ಊರ ಹೆಸರಿಗೆ ಇನ್ನೊಂದು ಉದಾಹರಣೆ ಸೇರೋದು ಬೇಡ.

ಪ್ರಶ್ನೆ: ನಾನು ದಾವಣಗೆರೆಯ ಗೃಹಿಣಿ. ಮಗನಿಗೆ 13 ವರ್ಷ, ಫುಟ್‌ಬಾಲ್ ಹುಚ್ಚು. ಮಂಡಿ ಚಿಪ್ಪಿನ ಕೆಳಗೆ ಮೂಳೆ ಉಬ್ಬಿದೆ, ಮುಟ್ಟಿದ್ರೆ ನೋವು, ಮಂಡಿಯೂರೋಕಾಗಲ್ಲ. ಗಡ್ಡೆನಾ ಅಂತ ಭಯ.

ಅಮ್ಮಾ, ಈ ವಯಸ್ಸಲ್ಲಿ, ಆ ಜಾಗದಲ್ಲಿ, ಆಡಿದಾಗ ಜಾಸ್ತಿ, ಕೂತಾಗ ಕಮ್ಮಿ ಆಗೋ ನೋವು ಅಂದ್ರೆ ಬಹುತೇಕ ಓಸ್‌ಗುಡ್ ಶ್ಲಾಟರ್ ಅನ್ನೋ ತೊಂದ್ರೆ. ಹೆಸರು ಕೇಳಿ ಹೆದರ್ಬೇಡಿ. ಹುಡುಗ ಒಂದೇ ಸಮ ಎತ್ತರ ಬೆಳೀತಿರ್ತಾನೆ, ತೊಡೆ ಮುಂದಿನ ಸ್ನಾಯು ಬಿಗಿಯಾಗಿ ಇನ್ನೂ ಎಳಸಾಗಿರೋ ಮೂಳೆ ತುದೀನ ಎಳೀತಿರುತ್ತೆ, ಅಲ್ಲಿ ಉಬ್ಬುತ್ತೆ. ಬೆಳವಣಿಗೆ ನಿಂತ ಮೇಲೆ ನೋವು ಹೋಗುತ್ತೆ, ಉಬ್ಬು ಮಾತ್ರ ಕೆಲವ್ರಿಗೆ ಉಳೀಬಹುದು. ಆಟ ಪೂರ್ತಿ ಬಿಡಿಸ್ಬೇಡಿ, ವಾರದಲ್ಲಿ ಎರಡು ದಿನ ಕಮ್ಮಿ ಮಾಡ್ಸಿ, ಆಡಿ ಬಂದ ಮೇಲೆ ಐಸು, ದಿನಾ ತೊಡೆ ಎಳೆಯೋ ವ್ಯಾಯಾಮ. ಬೆಳಗ್ಗೆ ಸ್ಕೂಲ್ ಟೀಮು, ಸಂಜೆ ಅಕಾಡೆಮಿ, ಭಾನುವಾರ ಟರ್ಫು ಅಂತ ಮೂರು ಕಡೆ ಆಡ್ತಿದ್ರೆ ಅದಕ್ಕೆ ಮೊದ್ಲು ಕತ್ತರಿ ಹಾಕಿ, ಮಕ್ಕಳ ಮೊಣಕಾಲು ಹಾಳು ಮಾಡೋದ್ರಲ್ಲಿ ದೊಡ್ಡೋರ ಆಸೆಗೂ ಪಾಲೈತೆ. ರಾತ್ರಿ ನಿದ್ದೆಗೆಡಿಸೋ ನೋವು, ಜ್ವರ, ಕೀಲೇ ಊದಿರೋದು, ಸುಮ್ನಿದ್ರೂ ಕುಂಟೋದು ಇದ್ರೆ ಮಾತ್ರ ತಡ ಮಾಡ್ದೆ ಡಾಕ್ಟ್ರಿಗೆ ತೋರಿಸಿ.

ಪ್ರಶ್ನೆ: ನಮ್ಮ ಕಾಲದಲ್ಲಿ ಗರಡಿ ಮನೇಲಿ ದಿನಕ್ಕೆ ನೂರಾರು ಬಸ್ಕಿ ಹೊಡೀತಿದ್ವಿ, ದುಗ್ಗಮ್ಮನ ಜಾತ್ರೆ ಕುಸ್ತೀಲಿ ಆಡಿದೀನಿ, 68 ವರ್ಷ, ಮಂಡಿ ಕಲ್ಲಿದ್ದಂಗೆ ಐತೆ. ಈಗಿನ ಹುಡುಗ್ರಿಗೆ ಬಸ್ಕಿ ಹೊಡೆದ್ರೆ ಮಂಡಿ ಸವೀತದೆ ಅಂತ ಯಾರೋ ಹೇಳಿಕೊಟ್ಟಿದಾರೆ. ನೀವೇನಂತೀರಿ?

ಯಜಮಾನ್ರೇ, ನಿಮ್ಮ ಕಡೆನೇ ನಾನು. ಸರಿಯಾಗಿ ಹೊಡೆದ ಬಸ್ಕಿಯಿಂದ ಚೆನ್ನಾಗಿರೋ ಮಂಡಿ ಸವೆಯಲ್ಲ, ಗಟ್ಟಿ ಆಗುತ್ತೆ. ಒಂದೇ ತಿದ್ದುಪಡಿ, ಲೆಕ್ಕಕ್ಕಿಂತ ರೀತಿ ಮುಖ್ಯ, ಕೊನೇ ಐವತ್ತರಲ್ಲಿ ಸುಸ್ತಾಗಿ ಮಂಡಿ ಒಳಗೆ ವಾಲ್ತಿದ್ರೆ ಆ ಐವತ್ತು ಬೇಡ. ಸಾಧ್ಯ ಆದ್ರೆ ನಿಮ್ಮೂರ ಹುಡುಗರಿಗೆ ನೀವೇ ಹೇಳಿಕೊಡಿ, ನಾವು ಹೇಳಿದ್ರೆ ಫೀಸ್ ಎಷ್ಟು ಅಂತ ಕೇಳ್ತಾರೆ. ಇನ್ನು ಮಂಡಿ ಬಗ್ಗಿಸಿದಾಗ ಕಟಕಟ ಸದ್ದು ಬರುತ್ತೆ ಅಂತ ನಾಲ್ಕು ಜನ ಬೇರೆ ಬರ್ದಿದಾರೆ, ಅವ್ರಿಗೂ ಇಲ್ಲೇ ಹೇಳ್ಬಿಡ್ತೀನಿ, ನೋವು, ಊತ, ಸಿಕ್ಕಾಕ್ಕೊಳ್ಳೋದು ಇಲ್ದೆ ಬರೀ ಸದ್ದಾದ್ರೆ ಬಿಟ್ಹಾಕಿ.

ಪ್ರಶ್ನೆ: ಹೊಳಲ್ಕೆರೆ ಹತ್ರದ ಹಳ್ಳಿ, ಗಣಪತಿ ಹಬ್ಬಕ್ಕೆ ಕಬಡ್ಡಿ ಇಟ್ಕೊಂಡಿದೀವಿ. ಮ್ಯಾಟ್ ಬಾಡಿಗೆಗೆ ತರ್ಬೇಕಾ, ಮಣ್ಣೇ ಸಾಕಾ? ಪೆಟ್ಟಾಗದಂಗೆ ಏನ್ ನೋಡ್ಕೋಬೇಕು?

ಆಯೋಜಕರಿಂದ ಇಂಥ ಪ್ರಶ್ನೆ ಬಂದಿದ್ದು ಇದೇ ಮೊದಲು, ಖುಷಿ ಆಯ್ತು. ಮ್ಯಾಟ್ ಮೇಲೆ ಕಾಲು ಚೆನ್ನಾಗಿ ಕಚ್ಚುತ್ತೆ, ಬೀಳೋಕೆ ಒಳ್ಳೇದು, ಆದ್ರೆ ಕಚ್ಚಿದ ಕಾಲು ತಿರುಗಲ್ಲ, ಮೈ ತಿರುಗುತ್ತೆ, ನಡುವೆ ಸಿಗೋದು ಮೊಣಕಾಲು. ಮಣ್ಣಲ್ಲೇ ಪ್ರಾಕ್ಟೀಸ್ ಮಾಡಿದ ಹಳ್ಳಿ ಟೀಮುಗಳನ್ನ ಸೀದಾ ಮ್ಯಾಟಿಗೆ ಇಳಿಸಿದ್ರೆ ಅವ್ರಿಗೆ ಹೊಸದಾಗುತ್ತೆ, ತರೋದಾದ್ರೆ ಹಿಂದಿನ ದಿನವೇ ಹಾಸಿ ಆಡೋಕೆ ಬಿಡಿ, ಜೋಡಣೆ ಬಿಟ್ಕೊಂಡಿಲ್ವಾ ನೋಡಿ. ನನ್ನ ಕೇಳಿದ್ರೆ ಹಳ್ಳಿಗೆ ಹದ ಮಾಡಿದ ಮಣ್ಣೇ ಸಾಕು. ಹದ ಅಂದ್ರೆ ಒಂದು ವಾರ ಮುಂಚೆ ಅಗೆದು, ಕಲ್ಲು ಗಾಜು ಆರಿಸಿ, ಜರಡಿ ಹಿಡಿದ ಮಣ್ಣು ಹಾಕಿ, ಸಂಜೆ ಸಂಜೆ ನೀರು ಚಿಮುಕಿಸಿ. ಅಂಕಣದ ಸುತ್ತ ಜಾಗ ಬಿಡಿ, ಜನ ಗೆರೆಗೇ ಬಂದು ಕೂರ್ತಾರೆ, ಲೈಟಿನ ಕಂಬಾನೂ ಅಲ್ಲೇ ನೆಡ್ತಾರೆ. ಟೀಮುಗಳ ಹೆಸರು ಕೂಗೋದಕ್ಕಿಂತ 20 ನಿಮಿಷ ಮುಂಚೆ ಅವ್ರಿಗೆ ವಾರ್ಮಪ್‌ಗೆ ಒಂದು ಮೂಲೆ ಕೊಡಿ, ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಎಬ್ಬಿಸಿ ಸೆಮಿಫೈನಲ್ ಆಡ್ಸೋದನ್ನ ಬಿಡಿ, ಐಸ್ ಡಬ್ಬ ಒಂದು ಇರ್ಲಿ, ಕೂಲ್‌ಡ್ರಿಂಕ್ಸ್ ತಣ್ಣಗಿಡೋಕಲ್ಲ. ಗೆರೆಗೆ ಸುಣ್ಣ ಹಾಕಿ ಸಾಕು. ಪಟ್ಟಿ ಹಾಸಿ ಮೊಳೆ ಹೊಡೆಯೋ ಪದ್ಧತಿ ಕೆಲವು ಕಡೆ ಐತೆ, ಮಧ್ಯರಾತ್ರಿ ಹೊತ್ತಿಗೆ ಮೊಳೆ ತಲೆ ಎತ್ತಿರುತ್ತೆ, ಹೊಡೆಯಲೇಬೇಕು ಅಂದ್ರೆ ಪ್ರತಿ ಮ್ಯಾಚ್ ಮಧ್ಯ ಒಬ್ಬ ಹುಡುಗ ಸುತ್ತಿಗೆ ಹಿಡ್ಕೊಂಡು ಒಂದು ರೌಂಡ್ ಹಾಕ್ಲಿ.